ಕ್ಯಾಮೆರಾ ಅಲ್ಲಾಡಿಸಿ ತೆಗೆದ ಫೋಟೋ ಬರೀ ಕಲಸುಮೇಲೋಗರ ಆಗ್ತಿದೆ, ಏನು ಮಾಡಲಿ?

ಪ್ರಶ್ನೆ: ಸರ್, ಬೇಕಂತಲೇ ಕ್ಯಾಮೆರಾ ಅಲ್ಲಾಡಿಸಿ ಫೋಟೋ ತೆಗೆಯೋದು, ಅದೇ ಐಸಿಎಂ, ಈಗಷ್ಟೇ ಶುರು ಮಾಡಿದ್ದೇನೆ. ಮರಗಳ ಸಾಲು, ಶಟರ್ 1/4 ಸೆಕೆಂಡ್, ಕ್ಯಾಮೆರಾ ಮೇಲಿಂದ ಕೆಳಕ್ಕೆ. ನೋಡಿದವರೆಲ್ಲ "ಕೈ ನಡುಗಿತಾ?" ಅಂತಾರೆ. ಒಂದರಲ್ಲಂತೂ ಮರವೇ ಇಲ್ಲ, ಎಲ್ಲ ಬೆಳ್ಳಗೆ ಮಸುಕು. 10 ಸ್ಟಾಪ್ ಎನ್‌ಡಿ ಫಿಲ್ಟರ್, ಅದೇ ಲೆನ್ಸ್ ಮುಂದೆ ಹಾಕಿ ಬೆಳಕು ತಗ್ಗಿಸೋ ಕಪ್ಪು ಗಾಜು, ತಗೊಂಡರೆ ಸರಿಹೋಗುತ್ತಾ? ಎರಡು ಫೋಟೋ ಹಾಕಿದ್ದೇನೆ.

ಉತ್ತರ: ಫಿಲ್ಟರ್ ಆಮೇಲೆ ನೋಡೋಣ. ಮೊದಲನೇ ಫೋಟೋದಲ್ಲಿ ಅರ್ಧ ಜಾಗ ಬಿಳಿ ಆಕಾಶ, ನಿಮ್ಮ ಮರವನ್ನು ನುಂಗಿರೋದು ಅದೇ. ಶಟರ್ ತೆರೆದಿರುವಷ್ಟು ಹೊತ್ತೂ ಸೆನ್ಸರ್ ಬೆಳಕನ್ನು ಕೂಡಿಸುತ್ತಲೇ ಇರುತ್ತದೆ. ಹಾಗಾಗಿ ಬೆಳ್ಳಗಿರುವುದು ಕಪ್ಪಿನ ಮೇಲೆ ಸರಿದರೆ ಗೆರೆ ಬೀಳುತ್ತದೆ, ಕಪ್ಪಗಿರುವುದು ಬಿಳಿಯ ಮೇಲೆ ಸರಿದರೆ ಅಳಿಸಿಹೋಗುತ್ತದೆ. ಮರದ ತುದಿ ಬಿಟ್ಟುಬಿಡಿ, ಆಕಾಶ ಫ್ರೇಮಿಗೆ ಬರಲೇಬಾರದು. ಕಾಂಡಗಳ ಹಿಂದೆ ನೆರಳಿರುವ ಜಾಗ ಹುಡುಕಿ. ಪಕ್ಕದಿಂದ ಬಿಸಿಲು ಬಿದ್ದ ಕಾಂಡ ಸಿಕ್ಕರಂತೂ ಬಿಡಬೇಡಿ.

ಎರಡನೆಯದನ್ನು ಝೂಮ್ ಮಾಡಿ ನೋಡಿ. ಪ್ರತಿ ಗೆರೆಯ ಕೆಳತುದಿಯಲ್ಲೂ ಒಂದು ಸಣ್ಣ ಕೊಕ್ಕೆ ಇದೆ, ಕಾಣ್ತಾ? ಕ್ಯಾಮೆರಾ ಕೆಳಕ್ಕೆ ಹೋದರೆ ಚಿತ್ರದಲ್ಲಿ ಎಲ್ಲವೂ ಮೇಲಕ್ಕೆ ಸರಿಯುತ್ತದೆ, ಅಂದರೆ ಗೆರೆ ಶುರುವಾಗಿದ್ದು ಆ ಕೆಳತುದಿಯಲ್ಲೇ. ನೀವು ಮೊದಲು ಬಟನ್ ಒತ್ತಿದ್ದೀರಿ, ಒತ್ತಿದ ರಭಸಕ್ಕೆ ಕ್ಯಾಮೆರಾ ಪಕ್ಕಕ್ಕೆ ವಾಲಿದೆ, ಆಮೇಲೆ ಕೈ ಹೊರಟಿದೆ. ಕೈ ನಡುಗಿತಾ ಅಂತ ಜನ ಕೇಳೋದು ಈ ಕೊಕ್ಕೆ ನೋಡಿಯೇ. ಕೈ ಮೊದಲು ಹೊರಡಲಿ, ನಡುದಾರಿಯಲ್ಲಿ ಒತ್ತಿ, ಶಟರ್ ಮುಚ್ಚಿದ ಮೇಲೂ ಒಂಚೂರು ಮುಂದುವರಿಸಿ. ಗೆರೆ ಬಿಲ್ಲಿನ ಹಾಗೆ ಬಾಗಿದ್ದರೆ ಮಣಿಕಟ್ಟು ತಿರುಗಿದೆ ಅಂತ ಅರ್ಥ. ಮೊಣಕೈಗಳನ್ನು ಮೈಗೆ ಒತ್ತಿಕೊಂಡು ಸೊಂಟದಿಂದ ಬಾಗಿ. ಸ್ಟೆಬಿಲೈಸರ್ ಆಫ್ ಇರಲಿ, ಇಲ್ಲದಿದ್ದರೆ ನಿಮ್ಮ ಚಲನೆಯನ್ನು ಅದು ತಡೆಯೋಕೆ ಹೋಗುತ್ತದೆ.

ಈಗ ಫಿಲ್ಟರ್. ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಒಳ್ಳೆ ಬಿಸಿಲಲ್ಲಿ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್/16 (ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಇಟ್ಟರೆ ಶಟರ್ ಸುಮಾರು 1/125 ಸೆಕೆಂಡ್ ಬರುತ್ತದೆ. 6 ಸ್ಟಾಪ್ ಫಿಲ್ಟರ್ ಹಾಕಿದರೆ ಅರ್ಧ ಸೆಕೆಂಡ್, ಇದಕ್ಕೆ ಹೇಳಿ ಮಾಡಿಸಿದ ಹಾಗೆ. 10 ಸ್ಟಾಪ್ ಹಾಕಿದರೆ 8 ಸೆಕೆಂಡ್! ಅಷ್ಟು ಹೊತ್ತು ಒಂದೇ ವೇಗದಲ್ಲಿ ಕೈ ಆಡಿಸೋಕೆ ಯಾರಿಂದಾಗುತ್ತೆ? ಎಫ್/5.6ಗೆ ತೆರೆದು 1 ಸೆಕೆಂಡಿಗೆ ತರಬಹುದು ನಿಜ, ಆದರೆ ನೆರಳಿಗೆ ಹೋದ ತಕ್ಷಣ ಆ ಫಿಲ್ಟರ್ ಬೇಡವಾಗುತ್ತದೆ. ಮರದ ನೆರಳಲ್ಲೇ ಓಡಾಡುವವರಿಗೆ 3 ಸ್ಟಾಪ್ ಸಾಕು.

ಮರುಪ್ರಶ್ನೆ: ಕೊಕ್ಕೆ ಈಗ ಕಂಡಿತು ಸರ್! ಕೈ ಎಷ್ಟು ದೂರ ಆಡಿಸಬೇಕು? ನಾನು ತಲೆಯಿಂದ ಸೊಂಟದವರೆಗೆ ತರ್ತೀನಿ.

ಉತ್ತರ: ಅಯ್ಯೋ, ಜಾಸ್ತಿಯಾಯ್ತು. ಎಷ್ಟು ಅನ್ನೋದು ಯಾವ ಲೆನ್ಸ್ ಅನ್ನೋದರ ಮೇಲೆ ಹೋಗುತ್ತದೆ. ಫುಲ್ ಫ್ರೇಮ್ (36×24 ಎಂಎಂ ಸೆನ್ಸರಿನ) ಕ್ಯಾಮೆರಾ ಅಡ್ಡ ಹಿಡಿದರೆ 50 ಎಂಎಂ ಲೆನ್ಸ್ ಮೇಲಿಂದ ಕೆಳಕ್ಕೆ ಸುಮಾರು 27 ಡಿಗ್ರಿ ನೋಡುತ್ತದೆ, 200 ಎಂಎಂ ಬರೀ 7 ಡಿಗ್ರಿ. ಅದೇ 7 ಡಿಗ್ರಿ ಬಗ್ಗಿಸಿದರೆ 50ರಲ್ಲಿ ಫ್ರೇಮಿನ ಕಾಲು ಭಾಗ ಸರಿಯುತ್ತದೆ, 200ರಲ್ಲಿ ಇಡೀ ದೃಶ್ಯವೇ ಆಚೆ ಹೋಗಿರುತ್ತದೆ. ಮೊದಲು ಕಾಲು ಫ್ರೇಮಿನಷ್ಟು ಸರಿಸಿ ನೋಡಿ.

ಇನ್ನೂ ಒಂದು. ಶಟರ್ 1 ಸೆಕೆಂಡ್ ಇಟ್ಟು, ಅರ್ಧ ಹೊತ್ತು ಅಲ್ಲಾಡದೆ ನಿಂತು, ಉಳಿದರ್ಧದಲ್ಲಿ ಸರಿಸಿ. ಕಾಂಡದ ಅಂಚು ತೆಳ್ಳಗೆ ಉಳಿಯುತ್ತದೆ, ಅದರ ಮೇಲೆ ಬಣ್ಣ ಹರಿಯುತ್ತದೆ. ಕಣ್ಣಿಗೆ ಹಿಡಿಯೋಕೆ ಏನಾದರೂ ಬೇಕಲ್ಲ, ಸುಮ್ನೆ ಎಲ್ಲ ಅಳಿಸಿದರೆ ಯಾರು ನೋಡ್ತಾರೆ? ನನಗಂತೂ ಈ ವಿಧಾನವೇ ಇಷ್ಟ. ಇದಕ್ಕೆ ಮಾತ್ರ "ಕೈ ಮೊದಲು ಹೊರಡಲಿ" ಅಂದ ಮಾತು ಅನ್ವಯಿಸಲ್ಲ. ಬಟನ್ ಒತ್ತುವ ಅದುರು ಬೀಳದಂತೆ 2 ಸೆಕೆಂಡ್ ಟೈಮರ್ ಇಟ್ಟುಕೊಳ್ಳಿ.

ಇನ್ನೊಬ್ಬರು: ಕೆಟ್ಟ ಫೋಟೋಗೆ ಹೊಸ ಹೆಸರು, ಅಷ್ಟೇ ಅಲ್ವಾ ಇದು?

ಉತ್ತರ: ಹೊಸದಂತೂ ಅಲ್ಲ. ಛಾಯಾಗ್ರಾಹಕ ಅರ್ನ್‌ಸ್ಟ್ ಹಾಸ್ 1950ರ ದಶಕದಲ್ಲೇ ಸ್ಪೇನಿನ ಗೂಳಿಕಾಳಗವನ್ನು ಕಲರ್ ಫಿಲ್ಮಿನಲ್ಲಿ, ನಿಧಾನ ಶಟರಿನಲ್ಲಿ ತೆಗೆದಿದ್ದರು. ಒಮ್ಮೆ ಹುಡುಕಿ ನೋಡಿ, ಆಮೇಲೆ ಜಗಳ ಮಾಡೋಣ.

ಮತ್ತೊಬ್ಬರು: ಮೇಡಂ ಒಬ್ಬರು ಎಡಿಟ್ ಮಾಡಲೇಬಾರದು ಅಂದರು. ನನ್ನವು ತೀರಾ ಸಪ್ಪೆ ಕಾಣುತ್ತವೆ, ಜೊತೆಗೆ ಅಲ್ಲಲ್ಲಿ ಕಪ್ಪು ಚುಕ್ಕೆ ಬೇರೆ.

ಉತ್ತರ: ಸಪ್ಪೆಯಾಗೋದು ಸಹಜ. ಬೆಳಕು, ನೆರಳು ಒಂದರ ಮೇಲೊಂದು ಬಿದ್ದು ಎರಡೂ ನಡುವಿಗೆ ಬಂದುಬಿಡುತ್ತವೆ. ಕಾಂಟ್ರಾಸ್ಟ್ ಏರಿಸಿ, ಕಪ್ಪನ್ನು ಕೆಳಗಿಳಿಸಿ, ಸಂಕೋಚ ಬೇಡ. ಚುಕ್ಕೆ ಅಂದರೆ ಸೆನ್ಸರ್ ಮೇಲಿನ ಧೂಳು. ಕ್ಯಾಮೆರಾ ಎಷ್ಟೇ ಆಡಿಸಿದರೂ ಅದು ಸೆನ್ಸರಿಗೆ ಅಂಟಿಕೊಂಡೇ ಇರುತ್ತದಲ್ಲ, ಹಾಗಾಗಿ ಮಸುಕಾಗಲ್ಲ. ಎಫ್/16, ಎಫ್/22ರಲ್ಲಿ ಇನ್ನೂ ಎದ್ದು ಕಾಣುತ್ತದೆ. ಎಫ್/8ಕ್ಕೆ ಬಂದು, ಅದರಿಂದ ಹೆಚ್ಚಾಗುವ ಬೆಳಕನ್ನು ಫಿಲ್ಟರಿನಲ್ಲಿ ತಡೆಯಿರಿ. ಆದರೂ ಉಳಿದರೆ ಸೆನ್ಸರ್ ಕ್ಲೀನ್ ಮಾಡಿಸಿ.