ಲೇಸರ್‌ನಿಂದ ತುಕ್ಕು ತೆಗೆಯುವಾಗ ತೆಳು ತಗಡು ನೀಲಿಗಟ್ಟಿ ಉಬ್ಬುತ್ತಿದೆ

ಪ್ರಶ್ನೆ:
ನಮ್ಮ ಕಾರ್ಯಾಗಾರದಲ್ಲಿ ಕೈಯಲ್ಲಿ ಹಿಡಿದು ಬಳಸುವ, 1500 ವ್ಯಾಟ್‌ನ ನಿರಂತರ ಕಿರಣದ ಫೈಬರ್ ಲೇಸರ್ ಯಂತ್ರವಿದೆ. ದಪ್ಪ ಚಾನೆಲ್, ಆಂಗಲ್‌ಗಳ ತುಕ್ಕನ್ನು ಅದು ಚೆನ್ನಾಗಿಯೇ ತೆಗೆಯುತ್ತದೆ. ಆದರೆ 1.2 ಮಿಲಿಮೀಟರ್ ಉಕ್ಕಿನ ತಗಡಿನ ಮೇಲೆ ಓಡಿಸಿದಾಗ, ತುಕ್ಕು ಹೋದ ಜಾಗ ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಆಮೇಲೆ ನೀಲಿಗಟ್ಟುತ್ತದೆ. ನಡುಭಾಗ ಉಬ್ಬಿಕೊಂಡು, ಒತ್ತಿದರೆ ಟಪ್ಪೆಂದು ಒಳಕ್ಕೆ ಹೋಗುತ್ತದೆ. ಶಕ್ತಿ ಇಳಿಸಿದರೆ ತುಕ್ಕು ಪೂರ್ತಿ ಬಿಡುವುದಿಲ್ಲ. ಕಳೆದ ವಾರದಿಂದ ಅದೇ ಸೆಟ್ಟಿಂಗ್‌ನಲ್ಲಿ ಕೆಲಸವೂ ನಿಧಾನವಾಗಿದೆ. ಕಣ್ಣಿಗೆ ವೆಲ್ಡಿಂಗ್ ಕನ್ನಡಕ ಹಾಕಿಕೊಳ್ಳುತ್ತೇವೆ. ಬೇರೆ ಯಂತ್ರವನ್ನೇ ಕೊಳ್ಳಬೇಕೇ?

ಉತ್ತರ:
ತಗಡಿನ ವಿಷಯ ಆಮೇಲೆ ನೋಡೋಣ. ಆ ಕನ್ನಡಕದಲ್ಲಿ ಕೆಲಸ ಮಾಡುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ. ಇಂಥ ಯಂತ್ರಗಳ ಕಿರಣದ ತರಂಗಾಂತರ ಸುಮಾರು 1080 ನ್ಯಾನೋಮೀಟರ್. ಅದು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ರೆಪ್ಪೆ ತಾನಾಗಿ ಮುಚ್ಚುವುದೂ ಇಲ್ಲ. ನಿಮಗೆ ಕಾಣುವ ಕೆಂಪು ಗೆರೆ ಗುರಿ ತೋರಿಸಲು ಮಾತ್ರ. ನಿಜವಾದ ಕಿರಣವನ್ನು ಕಣ್ಣಿನ ಮಸೂರವೇ ಅಕ್ಷಿಪಟಲದ ಒಂದು ಬಿಂದುವಿಗೆ ಕೂಡಿಸುತ್ತದೆ, ಮತ್ತು ಅಲ್ಲಿ ಸುಟ್ಟರೆ ನೋವಾಗುವುದಿಲ್ಲ. ತುಕ್ಕು ಹೋಗಿ ಲೋಹ ಹೊಳೆಯತೊಡಗಿದಂತೆ ಪ್ರತಿಫಲನವೂ ಹೆಚ್ಚುತ್ತದೆ ಎಂಬುದನ್ನು ಮರೆಯಬೇಡಿ. ಇದು 4ನೇ ವರ್ಗದ, ಅಂದರೆ ಅತ್ಯಂತ ಅಪಾಯಕಾರಿ ವರ್ಗದ ಲೇಸರ್. ನಿಮ್ಮ ಯಂತ್ರದ ತರಂಗಾಂತರ ಮತ್ತು ಕೈಪಿಡಿ ಹೇಳುವ ಓಡಿ (OD, ಗಾಜು ಆ ಬೆಳಕನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ) ಮೌಲ್ಯ, ಎರಡನ್ನೂ ಮುದ್ರಿಸಿದ ಲೇಸರ್ ಕನ್ನಡಕವೇ ಬೇಕು. ಓಡಿ 6 ಎಂದರೆ 10 ಲಕ್ಷದಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ ಬರುತ್ತದೆ. ಅದು ಯಂತ್ರ ಹಿಡಿದವರಿಗಷ್ಟೇ ಅಲ್ಲ, ಆ ಕೋಣೆಯಲ್ಲಿರುವ ಎಲ್ಲರಿಗೂ ಬೇಕು. ಸಾಮಾನ್ಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅಡ್ಡ ಇಟ್ಟರೆ ಕಿರಣ ಅದನ್ನು ಹಾದು ಹೋಗುತ್ತದೆ.

ಇನ್ನು ನೀಲಿ ಬಣ್ಣ. ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಎಂಬುದರ ಗುರುತು ಅದು. ನಿರಂತರ ಕಿರಣ ಬಿಡುವಿಲ್ಲದೆ ಶಾಖ ಸುರಿಯುತ್ತದೆ, ತೆಳು ತಗಡಿಗೆ ಅದನ್ನು ಹರಡಿಕೊಳ್ಳಲು ಮೈಯಿಲ್ಲ. ಶಕ್ತಿ ಇಳಿಸಿ ಕೈಯನ್ನೂ ನಿಧಾನಿಸಿದರೆ ಅಷ್ಟೇ ಶಾಖ ಒಳಗೆ ಹೋಗುತ್ತದೆ. ಅದರ ಬದಲು ಸ್ಕ್ಯಾನ್ ಅಗಲವನ್ನು, ಅಂದರೆ ಕಿರಣ ಅತ್ತಿಂದಿತ್ತ ಓಡುವ ಪಟ್ಟಿಯ ಅಗಲವನ್ನು ಹೆಚ್ಚಿಸಿ, ಕೈಯನ್ನು ಬೇಗ ಓಡಿಸಿ, ಒಂದೇ ಸಲಕ್ಕೆ ಮುಗಿಸದೆ ನಡುವೆ ಆರಲು ಬಿಟ್ಟು ಮೂರು ನಾಲ್ಕು ಸಲ ತೆಳುವಾಗಿ ಹಾಯಿಸಿ. ತಗಡಿನ ಹಿಂದೆ ದಪ್ಪ ಅಲ್ಯೂಮಿನಿಯಂ ಫಲಕವನ್ನು ಕ್ಲಾಂಪ್ ಮಾಡಿದರೆ ಅದು ಶಾಖವನ್ನು ಎಳೆದುಕೊಳ್ಳುತ್ತದೆ.

ಕೆಲಸ ನಿಧಾನವಾಗಿರುವುದಕ್ಕೆ ಗನ್ನಿನ ತುದಿಯ ರಕ್ಷಣಾ ಗಾಜು ಕಾರಣವಿರಬಹುದು. ಯಂತ್ರದ ವಿದ್ಯುತ್ ಕಡಿದು, ಧೂಳಿಲ್ಲದ ಜಾಗದಲ್ಲಿ ಅದನ್ನು ತೆಗೆದು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಸುಟ್ಟ ಚುಕ್ಕೆ ಇದ್ದರೆ ಒರೆಸಬೇಡಿ, ಬದಲಿಸಿ. ಅಂಥ ಗಾಜು ಬಿಸಿಯಾಗಿ ಒಡೆದರೆ ಒಳಗಿನ ದುಬಾರಿ ಮಸೂರವೂ ಹೋಗುತ್ತದೆ.

ಹೊಸ ಯಂತ್ರ ಬೇಕೇ ಎಂಬುದು ನಿಮ್ಮ ಕೆಲಸದಲ್ಲಿ ತಗಡಿನ ಪಾಲು ಎಷ್ಟು ಎಂಬುದನ್ನು ಅವಲಂಬಿಸಿದೆ. ಹೆಚ್ಚಿದ್ದರೆ ಪಲ್ಸ್ ಯಂತ್ರ, ಅಂದರೆ ಕಿರಣವನ್ನು ನಿರಂತರವಾಗಿ ಬಿಡದೆ ಅತಿ ಚಿಕ್ಕ ಮಿಡಿತಗಳಾಗಿ ಬಿಡುವ ಯಂತ್ರ ನೋಡಿ. ವ್ಯಾಟ್ ಸಂಖ್ಯೆ ಚಿಕ್ಕದೆಂದು ಅದನ್ನು ತಳ್ಳಿಹಾಕಬೇಡಿ: 100 ವ್ಯಾಟ್ ಯಂತ್ರ 1 ಮಿಲಿಜೌಲ್ ಶಕ್ತಿಯನ್ನು 100 ನ್ಯಾನೋಸೆಕೆಂಡಿನಲ್ಲಿ ಬಿಟ್ಟರೆ ಆ ಕ್ಷಣದ ಶಕ್ತಿ 10 ಕಿಲೋವ್ಯಾಟ್ ಆಗುತ್ತದೆ, ಆದರೆ ತಗಡಿಗೆ ಸೇರುವ ಸರಾಸರಿ ಶಾಖ ಕಡಿಮೆ. ಕೊಳ್ಳುವ ಮುನ್ನ ಮಾರಾಟಗಾರರ ಮಾದರಿ ತುಂಡಿನ ಮೇಲಲ್ಲ, ನಿಮ್ಮದೇ ತಗಡಿನ ಮೇಲೆ ಓಡಿಸಿ ನೋಡಿ. ಹೊಗೆ ಹೀರುವ ಯಂತ್ರವನ್ನೂ ಜೊತೆಗೇ ಲೆಕ್ಕಕ್ಕೆ ಹಿಡಿಯಿರಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದು, ಪಿವಿಸಿ ಲೇಪನವನ್ನಂತೂ ಲೇಸರ್‌ನಿಂದ ತೆಗೆಯಲೇಬೇಡಿ, ಹೈಡ್ರೋಜನ್ ಕ್ಲೋರೈಡ್ ಬರುತ್ತದೆ.

ಪ್ರಶ್ನೆ ಕೇಳಿದವರು:
ಸರಿಯಾದ ಕನ್ನಡಕಗಳು ಬರುವವರೆಗೂ ಯಂತ್ರ ಮುಟ್ಟಲಿಲ್ಲ. ಗಾಜಿನಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ ಇತ್ತು. ಬದಲಿಸಿದ ಮೇಲೆ ಮೊದಲಿನ ವೇಗ ಬಂದಿದೆ. ಫಲಕ ಹಿಡಿಸಿ, ಅಗಲ ಹೆಚ್ಚಿಸಿದ ನಂತರ ತಗಡು ಉಬ್ಬಿಲ್ಲ. ಆದರೆ ಪಟ್ಟಿಯ ಎರಡೂ ಅಂಚಿನಲ್ಲಿ ಮಾತ್ರ ತೆಳು ಹಳದಿ ಗೆರೆ ಉಳಿಯುತ್ತಿದೆ.

ಉತ್ತರ:
ಗನ್ನಿನೊಳಗಿನ ಕನ್ನಡಿ ದಿಕ್ಕು ಬದಲಿಸುವಾಗ ಕಿರಣ ಅಂಚಿನಲ್ಲಿ ಒಂದು ಕ್ಷಣ ಹೆಚ್ಚು ನಿಲ್ಲುತ್ತದೆ. ಪ್ರತಿ ಸಲ ಹಾಯಿಸುವಾಗ ಪಟ್ಟಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಅಂಚು ಒಂದೇ ಕಡೆ ಬೀಳುವುದಿಲ್ಲ. ತಗಡಿನ ಕೊನೆಯಲ್ಲಿ ಕಿರಣ ಹೊಳೆಯುವ ಅಲ್ಯೂಮಿನಿಯಂಗೆ ತಾಗದಂತೆ, ಅಲ್ಲಿ ತುಕ್ಕು ಹಿಡಿದ ಹಳೆಯ ಉಕ್ಕಿನ ಪಟ್ಟಿಯೊಂದನ್ನು ಇಟ್ಟುಕೊಳ್ಳಿ.