ದಿನಕ್ಕೊಂದು ಪುಸ್ತಕ ಎಂಬ ಫಾರ್ವರ್ಡ್ ಮೇಲೆ ನಮ್ಮ ಬ್ಯಾಚ್ ಗುಂಪಿನ ಚರ್ಚೆ

*ವಿನಯ್* (ಫಾರ್ವರ್ಡ್ ಮಾಡಿದ್ದು)
ನಿಮಿಷಕ್ಕೆ 1000 ಪದ ಓದಿ!!
1. ಮನಸ್ಸಿನೊಳಗೆ ಉಚ್ಚರಿಸುವುದನ್ನು ಬಿಡಿ
2. ಓದಿದ ಸಾಲಿಗೆ ಮತ್ತೆ ಹೋಗಬೇಡಿ
3. ಸಾಲಿನ ನಡುವೆ ಮಾತ್ರ ಕಣ್ಣಿಡಿ, ಅಕ್ಕಪಕ್ಕದ್ದು ತಾನಾಗಿ ಕಾಣುತ್ತದೆ
ದಿನಕ್ಕೊಂದು ಪುಸ್ತಕ ಗ್ಯಾರಂಟಿ 📚🔥

*ವಿನಯ್*
ಕೊಂಡ ಪುಸ್ತಕ ಓದೋಕೆ ಟೈಮಿಲ್ಲ ಅನ್ನೋರೆಲ್ಲ ನೋಡಿ.

*ಶೈಲಾ*
ಮೂರನೆಯದಂತೂ ಆಗದ ಮಾತು ಕಣೋ. ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗಲ್ಲ, ನೆಗೆದು ನೆಗೆದು ನಿಲ್ಲುತ್ತೆ. ಒಂದೊಂದು ಸಲ ನಿಲ್ಲೋದು ಹೆಚ್ಚುಕಡಿಮೆ ಕಾಲು ಸೆಕೆಂಡು. ಅಕ್ಷರ ಗುರುತಾಗೋದು ನಿಂತಾಗ ಮಾತ್ರ. ಅದೂ ನೋಟದ ನಟ್ಟನಡುವಿನ ಸುಮಾರು 2 ಡಿಗ್ರಿ ಜಾಗದಲ್ಲಿ, ಅಂದ್ರೆ ಕೈ ಚಾಚಿ ಹಿಡಿದ ಹೆಬ್ಬೆರಳಿನಗಲ. ಇಂಗ್ಲಿಷ್ ಓದುವವರಲ್ಲಿ ಅಳೆದು ನೋಡಿದ್ದಾರೆ: ಎಡಕ್ಕೆ 3–4 ಅಕ್ಷರ, ಬಲಕ್ಕೆ 14–15 ಅಕ್ಷರದವರೆಗೆ ಏನೋ ಇದೆ ಅಂತ ಗೊತ್ತಾಗುತ್ತೆ. ಪದ ಇಂಥದ್ದೇ ಅಂತ ಹಿಡಿಯೋಕೆ ಅದರ ಅರ್ಧದಷ್ಟು ದೂರ ಮಾತ್ರ ಸಾಧ್ಯ. ಇದು ಅಕ್ಷಿಪಟಲ ಇರೋ ರೀತಿ, ಅಭ್ಯಾಸ ಮಾಡಿ ಹಿಗ್ಗಿಸೋಕೆ ಬರಲ್ಲ.

*ವಿನಯ್*
ಹಾಗಾದ್ರೆ 1959ರಿಂದ ಅಮೆರಿಕದ ಎವೆಲಿನ್ ವುಡ್ ಅವರ ವೇಗದ ಓದಿನ ಕ್ಲಾಸುಗಳಿಗೆ ಅಷ್ಟು ಜನ ಹೋಗಿದ್ದು ಯಾಕೆ? ಜಿಮ್ಮಿ ಕಾರ್ಟರ್ ಅಮೆರಿಕದ ಅಧ್ಯಕ್ಷರಾಗಿದ್ದಾಗಲೇ ಆ ಕೋರ್ಸ್ ಮಾಡಿದ್ರು. ಅವರಿಗೆಲ್ಲ ಬುದ್ಧಿ ಇರಲಿಲ್ವಾ?

*ಮಂಜುನಾಥ*
ಬುದ್ಧಿಯ ಪ್ರಶ್ನೆ ಅಲ್ಲ, ಲೆಕ್ಕದ ಪ್ರಶ್ನೆ. ನಿಮಿಷಕ್ಕೆ 1000 ಪದ ಅಂದ್ರೆ ಒಂದು ಪದಕ್ಕೆ 60 ಮಿಲಿಸೆಕೆಂಡು. ಕಣ್ಣು ಒಂದು ಸಲ ನಿಲ್ಲೋಕೇ 200–250 ಬೇಕು. ಅಲ್ಲಿಗೆ ಮುಕ್ಕಾಲು ಪಾಲು ಪದಗಳ ಮೇಲೆ ಕಣ್ಣೇ ನಿಂತಿಲ್ಲ ಅಂತಾಯ್ತು. ಅದು ಕಣ್ಣಾಡಿಸೋದು. ಅದಕ್ಕೂ ಬೆಲೆ ಇದೆ, ಆದ್ರೆ ಓದಿದೆ ಅನ್ನಬಾರದು. ಅಂಥವರು ಸುಲಭದ ಬರಹದ ಸಾರಾಂಶ ಹೇಳ್ತಾರೆ, ಕಷ್ಟದ ಬರಹದ ವಿವರ ಕೇಳಿದ್ರೆ ಸಿಗಲ್ಲ.

ಇಂಗ್ಲಿಷಿನಲ್ಲಿ ಅರ್ಥ ಮಾಡ್ಕೊಂಡು ಓದೋ ದೊಡ್ಡವರ ಸರಾಸರಿ ನಿಮಿಷಕ್ಕೆ 240ರಿಂದ 260 ಪದ. 90,000 ಪದದ ಪುಸ್ತಕಕ್ಕೆ ಸುಮಾರು ಆರು ಗಂಟೆ. ಕನ್ನಡಕ್ಕೆ ಈ ಅಂಕಿ ಹಾಕಬೇಡಿ, ಪ್ರತ್ಯಯಗಳೆಲ್ಲ ಅಂಟಿಕೊಂಡು ನಮ್ಮ ಪದ ಉದ್ದ. ಹತ್ತು ನಿಮಿಷಕ್ಕೆ ಎಷ್ಟು ಪುಟ ಅಂತ ಎಣಿಸಿ, ಸಾಕು.

*ಶೈಲಾ*
ಎರಡನೇ ನಿಯಮ ಇನ್ನೂ ಅಪಾಯ. ಚೆನ್ನಾಗಿ ಓದೋರ ಕಣ್ಣೂ 10–15% ಸಲ ಹಿಂದಕ್ಕೆ ನೆಗೆಯುತ್ತೆ. ಅರ್ಥ ತಪ್ಪಿದ್ದನ್ನ ಸರಿ ಮಾಡ್ಕೊಳ್ಳೋಕೆ. 2014ರ ಒಂದು ಪ್ರಯೋಗದಲ್ಲಿ ಓದಿ ಮುಂದೆ ಹೋದ ಪದಗಳನ್ನ ಪರದೆ ಮೇಲೆ ಮುಚ್ಚಿಬಿಟ್ರು, ವಾಕ್ಯ ಅರ್ಥವಾಗೋದು ಕಡಿಮೆಯಾಯ್ತು. ಒಂದೊಂದೇ ಪದ ಮಿನುಗಿಸೋ ಆ್ಯಪ್‌ಗಳ ತೊಂದರೆಯೂ ಇದೇ, ಹಿಂದೆ ಹೋಗೋಕೆ ದಾರಿನೇ ಇಲ್ಲ.

ಒಳದನಿಯೂ ಅಷ್ಟೆ. ಅದನ್ನ ಅದುಮಿಟ್ರೆ ಉದ್ದ ವಾಕ್ಯದ ಕೊನೆ ತಲುಪೋ ಹೊತ್ತಿಗೆ ಮೊದಲಿನದು ಕೈಬಿಟ್ಟಿರುತ್ತೆ. ಕಥೆ ಕಾದಂಬರಿಯಲ್ಲಂತೂ ಮಾತಿನ ಲಯ ಕೇಳಿಸೋದೇ ಆ ದನಿಯಲ್ಲಿ. ಅದನ್ನ ಕಳ್ಕೊಂಡು ಏನು ಓದಿದ ಹಾಗಾಯ್ತು?

*ವಿನಯ್*
ಸರಿ, ಬೆರಳಿಟ್ಟು ಓದಿದ್ರೆ? ಅದು ಕೆಲಸ ಮಾಡುತ್ತೆ, ಅದರಲ್ಲಿ ನಾನು ಬಗ್ಗಲ್ಲ.

*ಮಂಜುನಾಥ*
ಮಾಡುತ್ತೆ, ಆದ್ರೆ ನೀನು ಅಂದ್ಕೊಂಡ ಕಾರಣಕ್ಕಲ್ಲ. ಒಂದು ಸಾಲು ಮುಗಿಸಿ ಮುಂದಿನ ಸಾಲಿನ ಆರಂಭಕ್ಕೆ ಬರುವಾಗ ಕಣ್ಣು ದಾರಿ ತಪ್ಪೋದು ತಪ್ಪುತ್ತೆ, ಗಮನ ಅಲೆಯೋದೂ ಕಡಿಮೆಯಾಗುತ್ತೆ. ದಟ್ಟ ಅಚ್ಚಿನ ಪುಟಕ್ಕೆ ಒಳ್ಳೇದು. ಬೆರಳು ಕಣ್ಣನ್ನ ಹಿಂಬಾಲಿಸಬೇಕು. ಬೆರಳೇ ಮುಂದೆ ಓಡಿ ಕಣ್ಣನ್ನ ಎಳೆದ್ರೆ ಪುಟ ಮುಗಿಯುತ್ತೆ, ತಲೆಯಲ್ಲಿ ಏನೂ ಇರಲ್ಲ.

*ಶೈಲಾ*
ನಾನು ಬೆರಳೂ ಬೇಡ ಅಂತೀನಿ. ಮನಸ್ಸು ಅಲೀತಿದ್ರೆ ಅದು ನಿಲ್ಲಿಸೋ ಸೂಚನೆ. ಫೋನ್ ಬೇರೆ ಕೋಣೆಯಲ್ಲಿಟ್ಟು 25 ನಿಮಿಷ ಓದಿ, ಐದು ನಿಮಿಷ ಎದ್ದು ಓಡಾಡಿ ಬನ್ನಿ.

*ವಿನಯ್*
ಇಷ್ಟೆಲ್ಲ ತೆಗೆದುಹಾಕಿದ ಮೇಲೆ ವೇಗ ಎಲ್ಲಿಂದ ಬರುತ್ತೆ ಹೇಳಿ ಮತ್ತೆ.

*ಮಂಜುನಾಥ*
ಪದ ಗೊತ್ತಿರೋದರಿಂದ, ವಿಷಯ ಗೊತ್ತಿರೋದರಿಂದ. ಪರಿಚಿತ ಪದದ ಮೇಲೆ ಕಣ್ಣು ಕಡಿಮೆ ಹೊತ್ತು ನಿಲ್ಲುತ್ತೆ. ಅದಕ್ಕೇ ಒಂದೇ ವಿಷಯದ ಮೇಲೆ ಮೂರು ಪುಸ್ತಕ ಸಾಲಾಗಿ ಓದು, ಸುಲಭದ್ದು ಮೊದಲು. ಮೂರನೆಯದು ತಾನಾಗಿ ಬೇಗ ಸಾಗುತ್ತೆ.

ಇನ್ನೊಂದು, ಏನನ್ನ ಓದಬಾರದು ಅಂತ ಮೊದಲೇ ತೀರ್ಮಾನಿಸೋದು. ಕಥೆಯಲ್ಲದ ಪುಸ್ತಕಕ್ಕೆ ಹತ್ತು ನಿಮಿಷ ಕೊಡು: ಪರಿವಿಡಿ, ಮುನ್ನುಡಿ, ಕೊನೇ ಅಧ್ಯಾಯದ ಕೊನೇ ಎರಡು ಪುಟ, ಪದಸೂಚಿಯಲ್ಲಿ ಪದೇಪದೇ ಬರೋ ಹೆಸರುಗಳು. ಆಮೇಲೆ ಪೆನ್ಸಿಲ್ ಹಿಡಿದು ಪರಿವಿಡಿಯಲ್ಲೇ ಗುರುತು ಹಾಕು. ಪೂರ್ತಿ ಓದಬೇಕಾದ ಅಧ್ಯಾಯಕ್ಕೆ ಎರಡು ಗೆರೆ, ಕಣ್ಣಾಡಿಸಿದ್ರೆ ಸಾಕು ಅನ್ನೋದಕ್ಕೆ ಒಂದು, ಗೊತ್ತಿರೋ ವಿಷಯಕ್ಕೆ ಏನೂ ಇಲ್ಲ. ಒಂದು ಗೆರೆಯ ಅಧ್ಯಾಯದಲ್ಲಿ ಪ್ರತಿ ಪ್ಯಾರಾದ ಮೊದಲ ವಾಕ್ಯ ಓದ್ತಾ ಹೋಗು, ಹೊಸದು ಕಂಡಲ್ಲಿ ನಿಲ್ಲು. ಜನ ತಪ್ಪೋದು ಎಲ್ಲಿ ಅಂದ್ರೆ ಎಲ್ಲ ಪುಟವನ್ನೂ ಒಂದೇ ವೇಗದಲ್ಲಿ ಓದ್ತಾರೆ.

*ಶೈಲಾ*
ಕಾದಂಬರಿಗೆ ಇದು ಬೇಡ!! ಅದರ ಮೊದಲ 30–40 ಪುಟ ನಿಧಾನವಾಗೇ ಓದಬೇಕು. ಪಾತ್ರಗಳ ಹೆಸರು, ಯಾರಿಗೆ ಯಾರು ಏನಾಗಬೇಕು ಅನ್ನೋದನ್ನ ಪುಟಗುರುತಿನ ಚೀಟಿ ಮೇಲೆ ಬರ್ಕೊಳ್ಳಿ. ನಂತರ ಹಿಂದೆ ತಿರುವೋ ಕೆಲಸ ತಪ್ಪುತ್ತೆ, ಓದು ತಾನೇ ಓಡುತ್ತೆ.

*ಮೇಷ್ಟ್ರು*
ಎಲ್ಲರೂ ಓದೋದರ ಬಗ್ಗೆ ಹೇಳ್ತಾ ಇದ್ದೀರಿ. ನೆನಪಿನ ಮಾತು ಯಾರೂ ಎತ್ತಲಿಲ್ಲವಲ್ಲ.

*ವಿನಯ್*
ಹೇಳಿ ಸರ್ 🙏 ನಾನಂತೂ ಹೈಲೈಟರ್ ಪಕ್ಷ.

*ಮೇಷ್ಟ್ರು*
ಬಣ್ಣ ಬಳಿಯುವುದು ಗುರುತಿಗೆ ಸರಿ ವಿನಯ್, ನೆನಪಿಗೆ ಅಷ್ಟಾಗಿ ಒದಗುವುದಿಲ್ಲ. ಬಳಿಯುವಾಗ ಕೈಗೆ ಕೆಲಸ, ತಲೆಗೆ ಇಲ್ಲ. ಅಧ್ಯಾಯ ಮುಗಿದ ಕೂಡಲೇ ಪುಸ್ತಕ ಮುಚ್ಚು. ನೋಡದೆ ಮೂರರಿಂದ ಐದು ವಾಕ್ಯ ಬರೆ: ಲೇಖಕರು ಏನು ಹೇಳಿದರು, ಯಾವ ಆಧಾರ ಕೊಟ್ಟರು, ನೀನು ಎಲ್ಲಿ ಒಪ್ಪುವುದಿಲ್ಲ. ಆಮೇಲೆ ತೆರೆದು ಬಿಟ್ಟುಹೋದದ್ದನ್ನು ಬೇರೆ ಶಾಯಿಯಲ್ಲಿ ಸೇರಿಸು. ಮಾರನೆಯ ದಿನ ಒಮ್ಮೆ, ವಾರದ ನಂತರ ಒಮ್ಮೆ ಹೀಗೇ ನೋಡದೆ ಹೇಳಿಕೊ. ಪುಸ್ತಕ ತೆರೆದಿಟ್ಟುಕೊಂಡು ವಾಕ್ಯ ಇಳಿಸಿಕೊಂಡರೆ ಅದು ನಕಲು, ಉಪಯೋಗವಿಲ್ಲ.

*ವಿನಯ್*
ಎರಡು ಸಲ ಓದಿದ್ರೂ ಅಷ್ಟೇ ನೆನಪಿರುತ್ತಲ್ವಾ ಸರ್? ಬರೆಯೋಕೆ ಹೋಗೋ ಸಮಯ ಉಳಿಯುತ್ತೆ.

*ಮೇಷ್ಟ್ರು*
ಇಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಇದನ್ನೇ ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಎರಡು ದಿನ, ಒಂದು ವಾರ ಬಿಟ್ಟು ಕೇಳಿದಾಗ ನೋಡದೆ ನೆನಪಿಸಿಕೊಂಡವರು ಮುಂದೆ. ಮತ್ತೆ ಓದಿದಾಗ ಗೊತ್ತಿದೆ ಎನಿಸುತ್ತದೆ, ಅದರಿಂದಲೇ ಮೋಸ ಹೋಗುತ್ತೇವೆ.

*ಮಂಜುನಾಥ*
ಸರ್, ಖುಷಿಗೆ ಓದೋ ಪುಸ್ತಕಕ್ಕೂ ಇಷ್ಟು ಬರೆಯಬೇಕಾ? ಅದು ಮನೆಗೆಲಸ ಆಗಿಬಿಡುತ್ತೆ.

*ಮೇಷ್ಟ್ರು*
ಬೇಡ. ಮುಗಿದ ಮೇಲೆ ಯಾರಿಗಾದರೂ ಹತ್ತು ನಿಮಿಷ ಹೇಳಿ, ಸಾಕು. ಕವಿತೆಯನ್ನು ಗಟ್ಟಿಯಾಗಿ ಓದಿ.

*ಶೈಲಾ*
ಹಿಡಿಸದಿದ್ರೆ 50 ಪುಟಕ್ಕೆ ಬಿಟ್ಟುಬಿಡಿ ಅಂತಲೂ ಸೇರಿಸಿ ಸರ್. ಎಳೆದಾಡೋ ಒಂದು ಪುಸ್ತಕದಿಂದ ಹೋಗೋ ಸಮಯ ಬೇರೆ ಯಾವುದರಿಂದಲೂ ಹೋಗಲ್ಲ.

*ಮೇಷ್ಟ್ರು*
ಅದನ್ನು ನಾನು ಒಪ್ಪುವುದಿಲ್ಲ ಶೈಲಾ. ಕೆಲವು ಪುಸ್ತಕ ನೂರನೆಯ ಪುಟದ ಮೇಲೆ ತೆರೆದುಕೊಳ್ಳುತ್ತವೆ. ಬಿಡುವ ಬದಲು ಎರಡು ತಿಂಗಳು ಪಕ್ಕಕ್ಕಿಡಿ.

*ವಿನಯ್*
ಬೆರಳಿನ ವಿಷಯ ಇನ್ನೂ ತೀರ್ಮಾನ ಆಗಿಲ್ಲ 😄

*ಮಂಜುನಾಥ*
ಅಳೆದು ನೋಡು. ಒಂದೇ ಪುಸ್ತಕದ ಎರಡು ಅಧ್ಯಾಯ ತಗೋ, ಒಂದು ಬೆರಳಿಟ್ಟು, ಒಂದು ಇಡದೆ. ಸಮಯ ಬರೆದಿಡು. ಮಾರನೇ ದಿನ ಪುಸ್ತಕ ಮುಚ್ಚಿ ಎರಡರಿಂದಲೂ ನೆನಪಿದ್ದ ಅಂಶಗಳನ್ನ ಪಟ್ಟಿ ಮಾಡಿ ಎಣಿಸು.

*ಶೈಲಾ*
ಪುಟಸಂಖ್ಯೆ ಒಂದೇ ಇರಲಿ, ಚಿತ್ರ ಕೋಷ್ಟಕ ಇರೋ ಅಧ್ಯಾಯ ಬೇಡ. ಮುಂದಿನ ಪುಸ್ತಕದಲ್ಲಿ ಕ್ರಮ ತಿರುಗಿಸು, ಬೆರಳಿಲ್ಲದ್ದು ಮೊದಲು. ಎರಡನೇ ಅಧ್ಯಾಯಕ್ಕೆ ಬರೋ ಹೊತ್ತಿಗೆ ವಿಷಯ ಪರಿಚಯವಾಗಿರುತ್ತೆ, ಅದರ ಲಾಭ ಬೆರಳಿನ ಖಾತೆಗೆ ಹೋಗಬಾರದು.