ಸಹಾಯ ಬೇಕು: ಬೆಳೆ ಪರಿಹಾರ ‘ಪಾವತಿಯಾಗಿದೆ’, ಪಾಸ್‌ಬುಕ್ ಮಾತ್ರ ಖಾಲಿ

ಎಲ್ಲರಿಗೂ ನಮಸ್ಕಾರ. 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ನದಿ ಉಕ್ಕಿದಾಗ ನಮ್ಮ ಮೂರು ಎಕರೆ ತೊಗರಿ ಎಂಟು ದಿನ ನೀರಿನಲ್ಲೇ ನಿಂತಿತ್ತು. ನೀರಿಳಿದ ಮೇಲೆ ಗಿಡ ಹಿಡಿದು ಎಳೆದರೆ ಕೊಳೆತ ಬೇರು ಮಣ್ಣಿನಲ್ಲೇ ಉಳಿದು ಬರೀ ಕಾಂಡ ಕೈಗೆ ಬರುತ್ತಿತ್ತು. ಸಮೀಕ್ಷೆ ಸರಿಯಾಗಿಯೇ ಆಯಿತು, ಅದರ ಬಗ್ಗೆ ತಕರಾರಿಲ್ಲ.

ಮಳೆಯಾಶ್ರಿತ ಬೆಳೆಗೆ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ಲೆಕ್ಕದಲ್ಲಿ ಹೆಕ್ಟೇರಿಗೆ 8,500 ರೂಪಾಯಿ, ಮೇಲೆ ರಾಜ್ಯ ಸರ್ಕಾರದ್ದು ಇನ್ನೊಂದು 8,500. ನಮಗೆ ಸುಮಾರು 20,000 ಬರಬೇಕು. ಅಪ್ಪನ ಆಧಾರ್ ಸಂಖ್ಯೆ ಹಾಕಿ ನೋಡಿದರೆ ಹಣ ಪಾವತಿಯಾಗಿದೆ ಎಂದೇ ತೋರಿಸುತ್ತದೆ. ಅವರು ಬಳಸುವ ಖಾತೆಗೆ ಒಂದು ರೂಪಾಯಿಯೂ ಬಂದಿಲ್ಲ.

ಹಿಂದೆ ಬೆಳೆಸಾಲಕ್ಕೆಂದು ತೆರೆದ ಇನ್ನೊಂದು ಖಾತೆ ಇದೆ. ಅದರ ಪಾಸ್‌ಬುಕ್ ಎಲ್ಲಿಟ್ಟಿದ್ದಾರೋ ಆ ದೇವರಿಗೇ ಗೊತ್ತು. ಆಧಾರ್ ಜೋಡಣೆ ಅದಕ್ಕೇ ಉಳಿದು, ಹಣ ಅಲ್ಲಿಗೇ ಹೋಗಿದೆಯೆಂಬುದು ನನ್ನ ಅನುಮಾನ. ಆಧಾರ್ ಜಾಲತಾಣದಲ್ಲಿ ನೋಡೋಣವೆಂದರೆ ಒಟಿಪಿ ಹಳೆಯ ಮೊಬೈಲ್ ಸಂಖ್ಯೆಗೆ ಹೋಗುತ್ತದೆ; ಆ ಸಿಮ್ ಈಗ ಇಲ್ಲ.

ಒಟಿಪಿ ಇಲ್ಲದೆ ಜೋಡಣೆಯಾದ ಬ್ಯಾಂಕ್ ಯಾವುದೆಂದು ತಿಳಿಯುವ ದಾರಿ ಇದೆಯೇ? ಹಣ ಸಾಲಕ್ಕೆ ಜಮೆಯಾಗಿದ್ದರೆ ಬಿಡಿಸಿಕೊಳ್ಳಲು ಅರ್ಜಿಯನ್ನು ಬ್ಯಾಂಕಿಗೆ ಕೊಡಬೇಕೇ, ತಹಶೀಲ್ದಾರರಿಗೇ? ಹೀಗೆ ಹಣ ಮರಳಿ ಪಡೆದವರಿದ್ದರೆ ದಯವಿಟ್ಟು ತಿಳಿಸಿ.